ನಗುಮುಖದ ಸ್ಟೆಪ್ನಿ

ಲಾರಿಯವನು ಜೀಪಿನ ಪಕ್ಕಕ್ಕೆ ಬಂದು ಪೋಂ ಪೋಂ ಎಂದು ಹಾರ್ನ್ ಹೊಡೆದ. ಕಿಟಕಿಯಿಂದ ಕೈ ಚಾಚಿ ಹಿಂದಕ್ಕೆ ತೋರಿಸಿದ. ಏನೋ ಕೂಗಿದ. ಗಾಳಿಯಲ್ಲಿ ಒಂದು ಮಾತೂ ಕೇಳಿಸಲಿಲ್ಲ.

"ನೋಡಿದ್ರಾ, ಇನ್ನೊಬ್ಬರು ಮೆಚ್ಕೊಂಡ್ರು," ಎಂದರು ಅಪ್ಪ. ಅವರ ಮುಖ ಅರಳಿತು. ಸ್ಟೀರಿಂಗಿನಿಂದ ಒಂದು ಕೈ ತೆಗೆದು ಲಾರಿಯವನಿಗೆ ಟಾಟಾ ಮಾಡಿದರು.

ಲಾರಿಯವನು ಹಣೆ ಚಚ್ಚಿಕೊಂಡು ಮುಂದೆ ಹೋದ.

"ಹಣೆ ಯಾಕೆ ಚಚ್ಕೊಂಡ್ರು?" ಎಂದು ಗುಂಡಿ ಕೇಳಿದಳು.

"ಇಂಥ ಕವರ್ ತನ್ನ ಲಾರಿಗಿಲ್ವಲ್ಲ ಅನ್ನೋ ಹೊಟ್ಟೆಕಿಚ್ಚು," ಎಂದು ಅಪ್ಪ ನಕ್ಕರು.

ಬೆಳಿಗ್ಗೆಯಿಂದಲೂ ಹೀಗೇ ಆಗಿತ್ತು. ಜೀಪಿನ ಹಿಂದೆ ಟ್ರೈಲರ್ ಇತ್ತು. ಅದರೊಳಗೆ ಎರಡು ಹಾಸಿಗೆ, ಒಂದು ಪುಟ್ಟ ಒಲೆ, ಮಡಚುವ ಮೇಜು, ಮೂಲೆಯಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ಅಪ್ಪನ ಹೊಲಿಗೆ ಮಿಷನ್. ಗಾಲಿಯ ಮೇಲೆ ಒಂದು ಪೂರ್ತಿ ಮನೆ. ಅದರ ಬೆನ್ನಿಗೆ ಸ್ಟೆಪ್ನಿ ಚಕ್ರ. ಚಕ್ರಕ್ಕೆ ಅಪ್ಪ ತಾವೇ ಹೊಲಿದು ಹಾಕಿದ ಕಿತ್ತಳೆ ಬಣ್ಣದ ಕವರ್. ಕವರಿನ ಮೇಲೆ ಎರಡು ದೊಡ್ಡ ಕಪ್ಪು ಬಟ್ಟೆಯ ಕಣ್ಣು, ನಡುವೆ ಈ ತುದಿಯಿಂದ ಆ ತುದಿಯವರೆಗೆ ನಗುವ ಕೆಂಪು ಬಾಯಿ. ದಾರಿಯುದ್ದಕ್ಕೂ ಜನ ಅದನ್ನು ನೋಡಿ ನಗುತ್ತಿದ್ದರು. ಟೀ ಕುಡಿಯಲು ನಿಂತಾಗ ಒಬ್ಬ ಹೆಂಗಸು ತನ್ನ ಅಳುವ ಮಗುವನ್ನು ಅದರ ಮುಂದೆ ಎತ್ತಿ ಹಿಡಿದು ಸುಮ್ಮನಾಗಿಸಿದ್ದಳು.

ಅಪ್ಪ ಟೈಲರ್. ಮಗಳಿಗೆ ಗುಂಡಿ ಎಂದು ಹೆಸರಿಟ್ಟವರೂ ಅವರೇ. ಹುಟ್ಟಿದಾಗ ಶರಟಿನ ಗುಂಡಿಯ ಹಾಗೆ ದುಂಡಗಿದ್ದಳಂತೆ. ಶಾಲೆಯಲ್ಲಿ ಕೆಲವರು 'ರಸ್ತೆ ಗುಂಡಿ' ಎಂದು ಕಾಡಿಸುತ್ತಿದ್ದರು. ಅವಳು ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಈಗ ಶಾಲೆಗೆ ರಜೆ. ಅಮ್ಮ ದೂರದಲ್ಲಿ ನದಿಗೆ ಸೇತುವೆ ಕಟ್ಟುವ ಕಡೆ ಕ್ರೇನ್ ಓಡಿಸುತ್ತಿದ್ದಳು. ಮನೆಗೆ ಬಂದರೆ ಒಂದು ರಾತ್ರಿ ಇದ್ದು ಹೊರಟುಬಿಡುತ್ತಿದ್ದಳು. ಈ ಸಲ ಅಪ್ಪ ಹಳೆಯ ಟ್ರೈಲರೊಂದನ್ನು ಕೊಂಡು, ಬಣ್ಣ ಬಳಿದು, "ಅವಳು ಮನೆಗೆ ಬರದಿದ್ರೆ ಮನೇನೇ ಅವಳ ಹತ್ರ ಹೋಗ್ಲಿ," ಎಂದಿದ್ದರು. ರಜೆ ಮುಗಿಯುವ ತನಕ ಎಲ್ಲರೂ ಸೇತುವೆಯ ಪಕ್ಕದಲ್ಲೇ ಇರುವುದೆಂದು ಮಾತಾಗಿತ್ತು. ಗುಂಡಿಗೆ ನಿನ್ನೆ ರಾತ್ರಿ ನಿದ್ದೆಯೇ ಬಂದಿರಲಿಲ್ಲ.

ಅಷ್ಟರಲ್ಲಿ ಒಂದು ಬಸ್ಸು ಅವರನ್ನು ದಾಟಿತು. ಕಿಟಕಿ ಕಿಟಕಿಗೂ ಜನ ಹಿಂದೆ ತೋರಿಸಿ ಏನೋ ಹೇಳುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

ಹಿಂದಿನ ಸೀಟಿನಲ್ಲಿ ಕೂತಿದ್ದ ಅಜ್ಜಿ ಮುಂದಕ್ಕೆ ಬಾಗಿದಳು. ಅಜ್ಜಿ ಎಂದರೆ ಅಮ್ಮನ ಅಮ್ಮ.

"ಅಳಿಯಂದ್ರೇ, ಮೆಚ್ಕೊಳ್ಳೋರ ಮುಖ ಹೀಗಿರಲ್ಲ. ಗಾಡಿ ನಿಲ್ಸಿ."

"ಏನಾಗಿರತ್ತೆ ಅತ್ತೆ…"

"ಏನಾದ್ರೂ ಆಗಿರ್ಲಿ. ಒಂದ್ಸಲ ಇಳಿದು ನೋಡಿದ್ರೆ ಗಂಟೇನೂ ಹೋಗಲ್ಲ."

ಏರು ಮುಗಿದು ರಸ್ತೆ ಸಮವಾದ ಕಡೆ ಒಂದು ಪೆಟ್ರೋಲ್ ಬಂಕ್ ಇತ್ತು. ಅಪ್ಪ ಅದರೊಳಗೆ ತಿರುಗಿಸಿ ನಿಲ್ಲಿಸಿದರು. ಮೂವರೂ ಇಳಿದು ಟ್ರೈಲರಿನ ಹಿಂದಕ್ಕೆ ಹೋದರು.

ನಗುವ ಮುಖ ಅಲ್ಲಿರಲಿಲ್ಲ. ಚಕ್ರವೂ ಇರಲಿಲ್ಲ. ಚಕ್ರ ಹಿಡಿದಿಡುವ ಕಬ್ಬಿಣದ ಪಟ್ಟಿಯಿಂದ ಮೂರು ಬೋಲ್ಟು ಬರಿದಾಗಿ ಹೊರಚಾಚಿಕೊಂಡಿದ್ದವು. ನಟ್ಟುಗಳೂ ಮಾಯ.

ಅಪ್ಪ ಪಟ್ಟಿಯ ಮೇಲೆ ಕೈಯಾಡಿಸಿದರು. "ಟೀ ಕುಡಿಯೋವಾಗ ಇತ್ತಲ್ಲ," ಎಂದರು ಮೆಲ್ಲಗೆ.

ಪೆಟ್ರೋಲ್ ಹಾಕುವ ಹೆಂಗಸು ಪೈಪು ಸಿಕ್ಕಿಸಿ ಹತ್ತಿರ ಬಂದಳು. ಬರಿ ಬೋಲ್ಟು ನೋಡಿದಳು.

"ಸ್ಟೆಪ್ನಿ ಬಿದ್ದೋಯ್ತಾ? ಏರಿನಲ್ಲಿ ಬಿದ್ದಿದ್ರೆ ಕೆಳಗೆ ಉರುಳಿರತ್ತೆ ಸರ್. ಯಾರಿಗೂ ತಾಗಿಲ್ಲ ತಾನೇ?"

ಅಪ್ಪ ತಾವು ಹತ್ತಿ ಬಂದ ದಾರಿಯ ಕಡೆ ತಿರುಗಿ ನೋಡಿದರು.

"ನಟ್ಟೆಲ್ಲ ಬಿಗಿಯಾಗೇ ಇತ್ತು," ಎಂದರು ಅಪ್ಪ. "ಬೋಲ್ಟೇ ಸವೆದಿರ್ಬೇಕು. ಟ್ರೈಲರ್ ಮಾರಿದವನು ಕಣ್ಣಿಗೆ ಮಣ್ಣೆರಚಿದಾನೆ. ಇರ್ಲಿ, ಮೊದಲು ಚಕ್ರ ಸಿಗ್ಲಿ. ಆಮೇಲೆ ಫೋನ್ ಮಾಡಿ ಅವನ ಹತ್ರ ಸರಿಯಾಗಿ ಮಾತಾಡ್ತೀನಿ."

ಗುಂಡಿ ತನ್ನ ಚಪ್ಪಲಿಯನ್ನೇ ನೋಡುತ್ತ ನಿಂತಳು. ನಟ್ಟು ಬಿಗಿಯಾಗಿರಲಿಲ್ಲ. ಅದು ಅವಳೊಬ್ಬಳಿಗೇ ಗೊತ್ತಿತ್ತು.

ಬೆಳಿಗ್ಗೆ ಅಪ್ಪ ಚಕ್ರಕ್ಕೆ ಗಾಳಿ ತುಂಬಿಸಿಕೊಂಡು ಬಂದಿದ್ದರು. ಅದನ್ನು ಬೋಲ್ಟಿಗೆ ಸಿಕ್ಕಿಸಿ, ಮೂರು ನಟ್ಟನ್ನೂ ಬೆರಳಲ್ಲೇ ತಿರುಗಿಸಿ, "ಗುಂಡಿ, ಸ್ಪ್ಯಾನರ್ ತಗೊಂಡು ಗಟ್ಟಿಯಾಗಿ ಬಿಗಿ ಮಾಡು. ನಾನು ಮಿಷನ್ ಒಳಗಿಡ್ತೀನಿ," ಎಂದಿದ್ದರು. ದೊಡ್ಡವರ ಕೆಲಸ ತನಗೆ ಸಿಕ್ಕಿತೆಂದು ಗುಂಡಿಗೆ ಹಿಗ್ಗಾಗಿತ್ತು. ಮೊದಲ ನಟ್ಟನ್ನು ಒಂದಿಷ್ಟು ತಿರುಗಿಸಿದಳು. ಕೈ ನೋಯಿತು. ಅಷ್ಟರಲ್ಲಿ ಅಜ್ಜಿ ಒಳಗಿನಿಂದ, "ಪುಟ್ಟಾ, ನನ್ನ ಕನ್ನಡಕ ಎಲ್ಲಿ ಹೋಯ್ತು ನೋಡೇ," ಎಂದು ಕರೆದಳು. ಕನ್ನಡಕ ಅಜ್ಜಿಯ ತಲೆಯ ಮೇಲೇ ಇತ್ತು. ಇಬ್ಬರೂ ನಕ್ಕು ನಕ್ಕು ಸುಸ್ತಾದರು.

ಗುಂಡಿ ಹೊರಗೆ ಬರುವಷ್ಟರಲ್ಲಿ ಅಪ್ಪ ಕವರ್ ಹಾಕಿಬಿಟ್ಟಿದ್ದರು. ಎಲಾಸ್ಟಿಕ್ ಎಳೆದು, ಹಿಂದೆ ದಾರಕ್ಕೆ ಗಂಟಿನ ಮೇಲೆ ಗಂಟು ಹಾಕಿ, ದೂರ ನಿಂತು ತಲೆ ಓರೆ ಮಾಡಿ ಅದರ ಚಂದ ನೋಡುತ್ತಿದ್ದರು.

"ಬಿಗಿ ಮಾಡಿದ್ಯಾ?" ಎಂದು ತಿರುಗದೆಯೇ ಕೇಳಿದರು.

"ಹೂಂ," ಎಂದುಬಿಟ್ಟಳು ಗುಂಡಿ.

ಒಂದು ಹೂಂ. ಅಷ್ಟೇ. ಟೀ ಕುಡಿಯುವ ಹೊತ್ತಿಗೆ ಅವಳಿಗೆ ಅದು ಮರೆತೂ ಹೋಗಿತ್ತು.

ಟ್ರೈಲರ್ ಕಟ್ಟಿಕೊಂಡು ಆ ಇಕ್ಕಟ್ಟಾದ ಏರಿನಲ್ಲಿ ಹಿಂದೆ ಮುಂದೆ ಓಡಾಡುವ ಹಾಗಿರಲಿಲ್ಲ. ಅಪ್ಪ ಟ್ರೈಲರಿನ ಗಾಲಿಗೆ ಕಲ್ಲು ಕೊಟ್ಟು, ಕೊಂಡಿ ಕಳಚಿ, ಜೀಪನ್ನು ಬೇರೆ ಮಾಡಿದರು. ಅಜ್ಜಿ ಮಡಚುವ ಕುರ್ಚಿಯನ್ನು ನೆರಳಿಗೆ ಎಳೆದುಕೊಂಡಳು.

"ನೀವು ಹೋಗ್ಬನ್ನಿ. ಮನೆ ಕಾಯೋಕೆ ನಾನಿದೀನಿ. ಮನೆ ಏನೂ ಎದ್ದು ಓಡಲ್ಲ," ಎಂದಳು. ತುಸು ತಡೆದು, "ಓಡಿದ್ರೂ ಓಡೀತು, ಇವತ್ತಿನ ದಿನ ನಂಬೋ ಹಾಗಿಲ್ಲ," ಎಂದು ಸೇರಿಸಿದಳು.

ಬೇರೆ ದಿನವಾಗಿದ್ದರೆ ಗುಂಡಿ ಬಿದ್ದು ಬಿದ್ದು ನಗುತ್ತಿದ್ದಳು.

ಜೀಪು ಇಳಿಜಾರಿನಲ್ಲಿ ನಿಧಾನವಾಗಿ ಹಿಂದಿರುಗಿತು. "ನೀನು ಎಡಗಡೆ ನೋಡು, ನಾನು ಬಲಗಡೆ ನೋಡ್ತೀನಿ," ಎಂದರು ಅಪ್ಪ. ಗುಂಡಿ ಕಿಟಕಿಗೆ ಅಂಟಿಕೊಂಡಳು. ಬೇಲಿ, ಕಲ್ಲು, ಒಣಹುಲ್ಲು, ಚರಂಡಿ. ಒಂದು ಕಡೆ ಕಿತ್ತಳೆ ಬಣ್ಣ ಕಂಡಿತು. "ಅಪ್ಪಾ ಅಲ್ಲಿ," ಎಂದಳು. ಹತ್ತಿರ ಹೋದರೆ ಹಣ್ಣಿನ ಅಂಗಡಿಯವನು ಬಿಸಿಲಿಗೆ ಕಟ್ಟಿದ ಪ್ಲಾಸ್ಟಿಕ್ ಹಾಳೆ.

ಏರಿನ ನಡುವೆ ರಸ್ತೆ ಕಿತ್ತುಹೋಗಿತ್ತು. ಜೀಪು ಹಳ್ಳಕ್ಕೆ ಇಳಿದು ಧಡಕ್ ಎಂದಿತು.

"ಇಲ್ಲೇ ಬಿದ್ದಿರ್ಬೇಕು," ಎಂದರು ಅಪ್ಪ. "ಆ ಟ್ರೈಲರಿನವನು ಬರೀ ಬಣ್ಣ ತೋರ್ಸಿ ಟೋಪಿ ಹಾಕ್ದ ನೋಡು. ಒಳ್ಳೇ ಮನುಷ್ಯ ಅಂದ್ಕೊಂಡಿದ್ದೆ."

ಆ ಮನುಷ್ಯ ಗುಂಡಿಗೆ ಟ್ರೈಲರಿನ ಮೇಲಿನ ಹಾಸಿಗೆಗೆ ಹತ್ತುವುದು ಹೇಗೆಂದು ತೋರಿಸಿಕೊಟ್ಟಿದ್ದ. ಇಳಿಯುವಾಗ ಕೈ ಹಿಡಿದುಕೊಂಡಿದ್ದ. ಗುಂಡಿ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿ ಕಿಟಕಿಯ ಕಡೆ ತಿರುಗಿದಳು.

ಅಲ್ಲಿಂದ ಮುಂದೆ ರಸ್ತೆ ನೇರವಾಗಿ ಇಳಿಯಿತು. ಸ್ವಲ್ಪ ಕೆಳಗೆ ಹೋಗುತ್ತಲೇ ಗುಂಡಿ ಕಿಟಕಿಯಿಂದ ತಟ್ಟನೆ ಹಿಂದೆ ಸರಿದಳು.

ರಸ್ತೆಯ ಅಂಚಿನಲ್ಲಿ ಒಂದು ಬೈಕು ಅಡ್ಡ ಬಿದ್ದಿತ್ತು. ಅದರ ಪಕ್ಕ ಒಬ್ಬರು ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ತಲೆ ತಗ್ಗಿಸಿದ್ದರು. ಕೂದಲು ಒದ್ದೆಯಾಗಿತ್ತು. ಇಬ್ಬರು ಅವರ ಮೇಲೆ ಬಾಗಿದ್ದರು. ಒಬ್ಬನ ಕೈಯಲ್ಲಿ ನೀರಿನ ಬಾಟಲಿ.

ಅಪ್ಪನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು.

"ಅಪ್ಪಾ," ಎಂದಳು ಗುಂಡಿ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ನಾನು ಬಿಗಿ ಮಾಡಿರ್ಲಿಲ್ಲ. ಒಂದೇ ಒಂದು ಸ್ವಲ್ಪ ಮಾಡಿದ್ದೆ. ಇನ್ನೆರಡು ಮುಟ್ಲೇ ಇಲ್ಲ. ನೀನು ಕೇಳ್ದಾಗ ಸುಮ್ನೆ ಹೂಂ ಅಂದೆ."

ಅಪ್ಪ ಅವಳ ಕಡೆ ತಿರುಗಿದರು. ಬೈಯಲಿಲ್ಲ. ಅವರ ಕಿವಿ ಮಾತ್ರ ಕೆಂಪಗಾಯಿತು. ಒಂದು ಕ್ಷಣ ಹಾಗೇ ನೋಡಿ, ಗಾಡಿಯ ಕೀಲಿ ತಿರುಗಿಸಿ ಆಫ್ ಮಾಡಿದರು.

"ಇಳಿ," ಎಂದರು. "ನೀನೂ ಬಾ."

ಆ ನಾಲ್ಕು ಹೆಜ್ಜೆ ನಡೆಯುವುದು ಗುಂಡಿಗೆ ಬೆಟ್ಟ ಹತ್ತಿದ ಹಾಗಿತ್ತು. ಅಪ್ಪನ ಶರಟಿನ ತುದಿ ಹಿಡಿದುಕೊಂಡಳು. ಅಪ್ಪ ಬಿಡಿಸಿಕೊಳ್ಳಲಿಲ್ಲ.

"ಏನಾಯ್ತು? ಪೆಟ್ಟಾಯ್ತಾ?" ಎಂದು ಅಪ್ಪ ಕೇಳಿದರು.

ಕೂತಿದ್ದವರು ತಲೆ ಎತ್ತಿದರು. ರಕ್ತವೇನೂ ಇರಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತ್ತು.

"ಪೆಟ್ಟಾಗಿಲ್ಲ ಸ್ವಾಮಿ. ಪೆಟ್ರೋಲ್ ಖಾಲಿಯಾಯ್ತು."

"ಮತ್ತೆ ಬೈಕು ಬಿದ್ದಿದೆ?"

"ನಾನೇ ಮಲಗ್ಸಿದೀನಿ. ಟ್ಯಾಂಕಲ್ಲಿ ಆ ಮೂಲೇಲಿ ಉಳಿದಿರೋದು ಈ ಮೂಲೆಗೆ ಬರ್ಲಿ ಅಂತ."

ಆಗ ಗುಂಡಿ ಹುಲ್ಲಿನ ಮೇಲೆ ಒಂದರ ಮೇಲೊಂದು ಇಟ್ಟಿದ್ದ ಮೊಟ್ಟೆಯ ತಟ್ಟೆಗಳನ್ನು ನೋಡಿದಳು. ಕೂತಿದ್ದವರು ಅಂಗಡಿಗಳಿಗೆ ಮೊಟ್ಟೆ ತಲುಪಿಸುವವರು. ಬೈಕು ಮಲಗಿಸುವ ಮೊದಲು ಎಲ್ಲವನ್ನೂ ಜೋಪಾನವಾಗಿ ಇಳಿಸಿದ್ದರು.

"ನಾನು ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಿದ್ದೆ," ಎಂದು ಮೊಟ್ಟೆಯವರು ಶುರುಮಾಡಿದರು. "ಮೇಲಿಂದ ಸೊಯ್ ಅಂತ ಸದ್ದು. ತಿರುಗಿ ನೋಡೋ ಹೊತ್ತಿಗೆ ಒಂದು ಮುಖ ಸ್ವಾಮಿ, ಇಷ್ಟಗಲ ಮುಖ, ನಗ್ತಾ ನಗ್ತಾ ಪಲ್ಟಿ ಹೊಡ್ಕೊಂಡು ಪಕ್ಕದಲ್ಲೇ ಹೋಯ್ತು. ಹಿಂದಕ್ಕೆ ಜಾರಿ ಕೂತ್ಬಿಟ್ಟೆ. ಕೂತವನು ಏಳೋಕೇ ಆಗ್ಲಿಲ್ಲ. ಇವರು ಬಂದು ನೀರು ಹಾಕಿದ್ರು."

"ಬಿಸಿಲಿಗೆ ತಲೆ ತಿರುಗಿದೆ ಅಂದ್ಕೊಂಡ್ವಿ," ಎಂದ ಬಾಟಲಿ ಹಿಡಿದವನು. "ಮುಖ ಉರುಳಿ ಹೋಯ್ತು ಅಂದ್ರೆ ಯಾರು ನಂಬ್ತಾರೆ?"

"ಎಷ್ಟು ಪಕ್ಕದಲ್ಲಿ ಹೋಯ್ತು?" ಎಂದು ಅಪ್ಪ ಕೇಳಿದರು.

ಮೊಟ್ಟೆಯವರು ತಮ್ಮ ಭುಜದ ಪಕ್ಕ ಅಂಗೈ ಅಡ್ಡ ಹಿಡಿದು ತೋರಿಸಿದರು. ಒಂದು ಗೇಣೂ ಇರಲಿಲ್ಲ. ಅವರು ನಗಲು ನೋಡಿದರು.

ಗುಂಡಿ ಆ ಕೈಯನ್ನೇ ನೋಡಿದಳು. ಆ ಕೈಗೂ ಭುಜಕ್ಕೂ ನಡುವೆ ಉಳಿದಿದ್ದ ಜಾಗವನ್ನು ನೋಡಿದಳು. ಆಮೇಲೆ ಯಾರೂ ಹೇಳದಿದ್ದರೂ ಅಪ್ಪನ ಹಿಂದಿನಿಂದ ಮುಂದೆ ಬಂದಳು.

"ಅದು ನಮ್ಮ ಚಕ್ರ," ಎಂದಳು. "ಅದರ ನಟ್ಟು ಬಿಗಿ ಮಾಡ್ಬೇಕಿತ್ತು, ನಾನು ಮಾಡಿರ್ಲಿಲ್ಲ. ತಪ್ಪಾಯ್ತು ಮಾವ."

ಮೊಟ್ಟೆಯವರು ಅವಳನ್ನು ನೋಡಿದರು, ಅಪ್ಪನನ್ನು ನೋಡಿದರು. ಬಿಳಿಚಿದ ಮುಖಕ್ಕೆ ಮೆಲ್ಲಗೆ ಬಣ್ಣ ಬಂತು.

"ನಿಮ್ಮದಾ? ಸದ್ಯ, ನಿಜವಾದ ಚಕ್ರ ಅಂತಾಯ್ತಲ್ಲ. ನಂಗೆಲ್ಲೋ ತಲೆ ಕೆಟ್ಟಿದೆ ಅಂತ ನಾನೇ ಹೆದರಿದ್ದೆ," ಎಂದರು. ಬಳಿಕ ಬಾಟಲಿಯವನಿಗೆ, "ನೋಡಯ್ಯಾ, ಮುಖ ಇತ್ತು ಅಂದ್ನಲ್ಲ?" ಎಂದರು. ಎಲ್ಲರೂ ನಕ್ಕುಬಿಟ್ಟರು. ಅಪ್ಪನೂ. ಗುಂಡಿಗೆ ಮಾತ್ರ ಕಣ್ಣು ತುಂಬಿಕೊಂಡು ಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ. ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಿತ್ತು.

"ಪೆಟ್ರೋಲ್ ನಾನು ತರಿಸಿ ಕೊಡ್ತೀನಿ," ಎಂದರು ಅಪ್ಪ. "ಚಕ್ರ ಯಾವ ಕಡೆ ಹೋಯ್ತು?"

"ನೇರಕ್ಕೆ ನೇರ. ಕೆಳಗೆ ರಸ್ತೆ ತಿರುಗತ್ತೆ. ಅದು ತಿರುಗಿರೋ ಹಾಗೆ ಕಾಣ್ಲಿಲ್ಲ."

ಇಳಿಜಾರಿನ ಬುಡದಲ್ಲಿ, ರಸ್ತೆ ತಿರುಗುವಲ್ಲಿ, ಸಸಿಗಳನ್ನು ಬೆಳೆಸಿ ಮಾರುವ ತೋಟವೊಂದಿತ್ತು. ಸುತ್ತ ಹಸಿರು ನೆರಳುಬಲೆ ಕಟ್ಟಿದ್ದರು. ಬಲೆಯ ಒಂದು ಕಡೆ ಉದ್ದಕ್ಕೆ ಹರಿದು ಬಾಯಿಬಿಟ್ಟಿತ್ತು. ಹರಿದ ಬಲೆಯಲ್ಲಿ ಮೀನಿನ ಹಾಗೆ ಸುತ್ತಿಕೊಂಡು ಬಿದ್ದಿತ್ತು ಕಿತ್ತಳೆ ಚಕ್ರ. ಕವರಿಗೆ ಮೈತುಂಬ ಮಣ್ಣು. ಒಂದು ಕಣ್ಣು ಕಿತ್ತುಹೋಗಿತ್ತು. ನಗು ಮಾತ್ರ ಹಾಗೇ ಇತ್ತು.

ತೋಟದ ಯಜಮಾನಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಕಾಲ ಬಳಿ ಒಡೆದ ಕುಂಡಗಳು.

"ಇದರ ವಾರಸುದಾರರು ನೀವೇನಾ?" ಎಂದಳು. "ಬನ್ನಿ ಬನ್ನಿ. ನನ್ನ ಟೊಮೇಟೊ ಸಸಿಗೆ ನೀವೇ ಸಮಾಧಾನ ಹೇಳಿ."

ಅಪ್ಪ ಏನನ್ನೂ ಮುಚ್ಚಿಡದೆ ಹೇಳಿದರು. ಗುಂಡಿಯ ಹೆಸರು ಎತ್ತಲಿಲ್ಲ. "ನಟ್ಟು ಬಿಗಿಯಾಗಿರ್ಲಿಲ್ಲ, ನಾವು ನೋಡ್ಕೊಳ್ಳದೇ ಹೊರಟ್ವಿ," ಎಂದರಷ್ಟೆ. ಆಮೇಲೆ ಬಲೆಯನ್ನು ಬೆರಳಲ್ಲಿ ಹಿಡಿದು ನೋಡಿ, "ನಾನು ಟೈಲರ್. ಇದನ್ನ ಈಗಲೇ ಹೊಲಿದು ಕೊಡ್ತೀನಿ. ಕುಂಡ ಹೊಲಿಯೋಕೆ ಬರಲ್ಲ, ಅದಕ್ಕೆ ಏನು ಅಂತ ನೀವೇ ಹೇಳಿ," ಎಂದರು.

ಯಜಮಾನಿಯ ಹುಬ್ಬು ಸಡಿಲವಾಯಿತು. "ಮೊದಲು ಬಲೆ ಹೊಲೀರಿ. ಬಿಸಿಲು ಬಿದ್ರೆ ಸಸಿ ಬಾಡ್ತವೆ. ಮಗೂ, ನೀನು ಬಿದ್ದಿರೋ ಸಸೀನೆಲ್ಲ ಎತ್ತಿ ಈ ಟ್ರೇಗೆ ಹಾಕು. ಬೇರಿಗೆ ಮಣ್ಣು ಅಂಟಿಕೊಂಡೇ ಇರ್ಲಿ."

ಅಪ್ಪನ ಜೇಬಿನಲ್ಲಿ ಸೂಜಿ ದಾರ ಯಾವಾಗಲೂ ಇರುತ್ತಿತ್ತು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಬಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಗುಂಡಿ ಬಾಗಿ ಬಾಗಿ ಸಸಿ ಎತ್ತಿದಳು.

"ಬೆಳಿಗ್ಗೆನೇ ಯಾಕೆ ಹೇಳ್ಲಿಲ್ಲ?" ಎಂದು ಅಪ್ಪ ಕೊನೆಗೆ ಕೇಳಿದರು.

"ನೀನು ಕವರ್ ಹಾಕಾಗಿತ್ತು. ಅಷ್ಟೊಂದು ಗಂಟು ಹಾಕಿದ್ದೆ. ನೀನು ತುಂಬಾ ಖುಷಿಯಾಗಿದ್ದೆ. ಮತ್ತೆ ಬಿಚ್ಚು ಅಂದ್ರೆ ನಿಂಗೆ ಬೇಜಾರಾಗತ್ತೆ ಅಂತ."

ಅಪ್ಪನ ಸೂಜಿ ನಿಂತಿತು.

"ನಾನು ದಿನಾ ಎಷ್ಟು ಸಲ ಹೊಲಿದಿದ್ದನ್ನ ಬಿಚ್ತೀನಿ ಗೊತ್ತಾ? ತೋಳು ಬಿಗಿಯಾಯ್ತು ಬಿಚ್ಚು, ಕಾಲರ್ ಸೊಟ್ಟಗಾಯ್ತು ಬಿಚ್ಚು. ಮೊನ್ನೆ ಒಂದು ಕೋಟು ಮೂರು ಸಲ ಬಿಚ್ಚಿದೀನಿ. ಬಿಚ್ಚೋದು ನನ್ನ ಕೆಲಸದಲ್ಲಿ ಅರ್ಧ."

"ಬೇಜಾರಾಗಲ್ವಾ?"

"ಆಗತ್ತೆ. ಗೊಣಗ್ತೀನಿ. ಒಂದು ಟೀ ಕುಡೀತೀನಿ. ಆಮೇಲೆ ಬಿಚ್ತೀನಿ." ಅಪ್ಪ ದಾರವನ್ನು ಹಲ್ಲಿನಲ್ಲಿ ಕಡಿದರು. "ನಾನೂ ಒಂದ್ಸಲ ಚಕ್ರ ಹಿಡಿದು ಅಲ್ಲಾಡ್ಸಿ ನೋಡ್ಬಹುದಿತ್ತು. ನನ್ನ ಕಣ್ಣೆಲ್ಲ ಆ ಮುಖದ ಮೇಲೇ ಇತ್ತು. ಪಾಪ, ಟ್ರೈಲರಿನವನಿಗೆ ಸುಮ್ಮನೆ ಬೈದೆ. ಸದ್ಯ ಫೋನ್ ಮಾಡ್ಲಿಲ್ಲ."

ಗುಂಡಿ ಸಸಿಯ ಟ್ರೇ ಕೆಳಗಿಟ್ಟಳು. ಬಂದು ಅಪ್ಪನ ಪಕ್ಕ ಕೂತು ಬಲೆಯ ಇನ್ನೊಂದು ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಹೊಲಿಗೆ ಬೇಗ ಬೇಗ ಸಾಗಿತು.

ಯಜಮಾನಿ ಬಂದು ಹೊಲಿಗೆಯನ್ನು ಎಳೆದು ನೋಡಿದಳು. "ಹೊಸ ಬಲೆಗಿಂತ ಗಟ್ಟಿಯಾಯ್ತು," ಎಂದಳು. ಕುಂಡದ ಮಾತೇ ಎತ್ತಲಿಲ್ಲ. ಹೊರಡುವಾಗ ಗುಂಡಿಯ ಕೈಗೆ ಒಂದು ಟೊಮೇಟೊ ಸಸಿ ಕೊಟ್ಟು, "ಇದು ಹೇಗೂ ನಿಮ್ಮ ಚಕ್ರ ನೋಡಿ ಹೆದರಿದೆ. ನೀನೇ ಸಾಕು," ಎಂದಳು.

ಮೇಲೆ ಹೋಗುವಾಗ ಮೊಟ್ಟೆಯವರೂ ಒಂದು ಖಾಲಿ ಕ್ಯಾನು ಹಿಡಿದು ಜೀಪು ಹತ್ತಿದರು. ಬೈಕು ಮತ್ತು ಮೊಟ್ಟೆಯನ್ನು ಬಾಟಲಿಯವನು ನೋಡಿಕೊಳ್ಳುತ್ತೇನೆಂದ. ಹಿಂದಿನ ಸೀಟಿನಲ್ಲಿ ಒಂದು ಕಡೆ ಮೊಟ್ಟೆಯವರು, ಇನ್ನೊಂದು ಕಡೆ ಒಂಟಿಕಣ್ಣಿನ ಚಕ್ರ. ಅವರು ಆಗಾಗ ಅದರ ಕಡೆ ವಾರೆಗಣ್ಣಿನಿಂದ ನೋಡುತ್ತಿದ್ದರು.

ಬಂಕ್ ತಲುಪಿದಾಗ ಅಜ್ಜಿಯ ಸುತ್ತ ಇಡೀ ಬಂಕ್ ಸೇರಿತ್ತು. ಅಜ್ಜಿ ಕುರ್ಚಿಯಿಂದ ಎದ್ದಳು. ಮೊದಲು ಗುಂಡಿಯ ಮುಖ ನೋಡಿದಳು, ಆಮೇಲೆ ಅಪ್ಪನದು, ಕೊನೆಗೆ ಚಕ್ರದ್ದು.

"ಯಾರಿಗೂ ಏನೂ ಆಗಿಲ್ಲ ಅತ್ತೆ," ಎಂದರು ಅಪ್ಪ.

ಅಜ್ಜಿ ಧೊಪ್ಪನೆ ಮತ್ತೆ ಕುರ್ಚಿಗೆ ಒರಗಿದಳು. ಬೆಳಿಗ್ಗೆ ಏನಾಗಿತ್ತೆಂದು ಗುಂಡಿ ಹೇಳಿದಾಗ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. "ಕರೆದವಳು ನಾನಲ್ವಾ. ತಲೆ ಮೇಲೆ ಕನ್ನಡಕ ಇಟ್ಕೊಂಡು ಊರೆಲ್ಲ ಹುಡುಕೋ ಮುದುಕಿ," ಎಂದಳು.

ಬಂಕಿನ ಪಕ್ಕದ ಪಂಕ್ಚರ್ ಅಂಗಡಿಯಲ್ಲಿ ಹೊಂದುವ ನಟ್ಟು ಸಿಕ್ಕವು. ಅಂಗಡಿಯವನು ಚಕ್ರವನ್ನು ನೀರಿನ ತೊಟ್ಟಿಯಲ್ಲಿ ತಿರುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿದ. ಬರಲಿಲ್ಲ. ಮೀಟರ್ ಇಟ್ಟು ಗಾಳಿ ನೋಡಿದ. ಒಂದಿಷ್ಟು ಕಡಿಮೆಯಿತ್ತು, ತುಂಬಿದ. ನಟ್ಟಿನ ಕೆಳಗೆ ಹಾಕಲು ಸ್ಪ್ರಿಂಗಿನಂಥ ವಾಷರ್ ಕೊಟ್ಟು, "ಇದಿದ್ರೆ ಗಾಡಿ ಅದುರಿದ್ರೂ ನಟ್ಟು ಸಡಿಲ ಆಗಲ್ಲ," ಎಂದ.

"ಯಾರು ಬಿಗಿ ಮಾಡ್ತೀರಾ?" ಎಂದ ಸ್ಪ್ಯಾನರ್ ಚಾಚಿ.

ಅಪ್ಪ ಗುಂಡಿಯ ಕಡೆ ನೋಡಿದರು. ತನಗೆ ಇನ್ನೆಂದೂ ಆ ಕೆಲಸ ಸಿಗಲಾರದು ಎಂದುಕೊಂಡಿದ್ದ ಗುಂಡಿ ಮೆಲ್ಲಗೆ ಕೈ ಚಾಚಿದಳು. ಮೊದಲ ನಟ್ಟು. ಎರಡನೆಯದು. ಮೂರನೆಯದು. ಕೈ ನೋಯಿತು. ಕೈ ಸಾಲದಾದಾಗ ಸ್ಪ್ಯಾನರಿನ ಹಿಡಿಯ ಮೇಲೆ ಮೈಭಾರವೆಲ್ಲ ಹಾಕಿ ತೂಗಿದಳು. ಕಿರ್ರ್ ಎಂದು ಕೊನೆಯ ಸುತ್ತು ಕೂತಿತು. ಅಪ್ಪ ಎರಡೂ ಕೈಯಲ್ಲಿ ಚಕ್ರ ಹಿಡಿದು ಜಗ್ಗಿದರು. ಟ್ರೈಲರೇ ಅಲ್ಲಾಡಿತು, ಚಕ್ರ ಅಲ್ಲಾಡಲಿಲ್ಲ. ಅಜ್ಜಿಯೂ ಜಗ್ಗಿದಳು. ಪೆಟ್ರೋಲ್ ಹಾಕುವ ಹೆಂಗಸೂ ಜಗ್ಗಿದಳು. ಮೊಟ್ಟೆಯವರು ಎಲ್ಲರಿಗಿಂತ ಜೋರಾಗಿ ಜಗ್ಗಿ, "ಈಗ ಸರಿ," ಎಂದರು. ಅಪ್ಪ ತುಂಬಿಸಿಕೊಟ್ಟ ಕ್ಯಾನು ಹಿಡಿದು, ಕೆಳಗೆ ಹೊರಟಿದ್ದ ಲಾರಿಯೊಂದನ್ನು ಹತ್ತಿದರು.

ಅಪ್ಪ ಕವರನ್ನು ಕೊಡವಿ ಹಿಡಿದುಕೊಂಡರು. ಯೋಚಿಸಿದರು. ಕತ್ತರಿ ತೆಗೆದು ಕೆಂಪು ಬಾಯಿಯ ಉದ್ದಕ್ಕೂ ಕತ್ತರಿಸಿಬಿಟ್ಟರು. ಗುಂಡಿ ಬೆಚ್ಚಿಬಿದ್ದಳು. ಅಪ್ಪ ಶರಟಿನ ಗುಂಡಿಗೆ ಕಾಜ ಹೊಲಿಯುವ ಹಾಗೆ ಅಂಚನ್ನು ಮಡಚಿ, ಒತ್ತೊತ್ತಾಗಿ ಸುತ್ತ ಹೊಲಿದು, ಚಕ್ರಕ್ಕೆ ಹಾಕಿದರು. ತೆರೆದ ಬಾಯಿಯೊಳಗೆ ಮೂರು ನಟ್ಟು ಹಲ್ಲಿನ ಹಾಗೆ ಹೊಳೆದವು.

"ಇನ್ನು ದೂರದಿಂದಲೇ ಕಾಣತ್ತೆ," ಎಂದರು.

ಅಲ್ಲಿಂದ ಮುಂದೆ ದಾರಿ ಹಗುರವಾಯಿತು. ಅಜ್ಜಿ ಅಮ್ಮನಿಗೆ ಹೇಳಲು ಕತೆಯನ್ನು ಈಗಲೇ ಸಿದ್ಧಮಾಡಿಕೊಳ್ಳುತ್ತಿದ್ದಳು. "ಲಾರಿಯವನು ಹಣೆ ಚಚ್ಕೊಂಡ, ನಿಮ್ಮಪ್ಪ ಟಾಟಾ ಮಾಡಿದ್ರು, ಅಲ್ಲಿಂದ ಶುರು ಮಾಡ್ತೀನಿ. ಅವಳು ಹೊಟ್ಟೆ ಹಿಡ್ಕೊಂಡು ನಗ್ಬೇಕು." ಸೊಯ್ ಎಂಬ ಸದ್ದನ್ನು ಎರಡು ಮೂರು ರೀತಿಯಲ್ಲಿ ಮಾಡಿ ನೋಡಿದಳು. ಅಪ್ಪ ನಕ್ಕರು. ಗುಂಡಿಗೂ ನಗು ಬಂತು. ಟೊಮೇಟೊ ಸಸಿ ಅವಳ ತೊಡೆಯ ಮೇಲೆ ಎಲೆ ಅಲ್ಲಾಡಿಸುತ್ತಿತ್ತು.

ಸಂಜೆಯ ಹೊತ್ತಿಗೆ ಸೇತುವೆ ಕಂಡಿತು. ನದಿಯ ನಡುವೆ ಅರ್ಧಕ್ಕೆ ನಿಂತ ಕಂಬಗಳು, ಅವುಗಳ ಮೇಲೆ ಹಳದಿ ಕ್ರೇನಿನ ಉದ್ದನೆಯ ಕತ್ತು. ಜೀಪು ನಿಲ್ಲುವ ಮೊದಲೇ ಕ್ರೇನಿನ ಏಣಿಯಿಂದ ಒಬ್ಬರು ದಡದಡ ಇಳಿದರು. ಹೆಲ್ಮೆಟ್ ತೆಗೆದಾಗ ಅಮ್ಮ.

ಗುಂಡಿ ಓಡಿಹೋಗಿ ಸೊಂಟ ಹಿಡಿದುಕೊಂಡಳು. ಅಮ್ಮನ ಮೈಯಲ್ಲಿ ಎಣ್ಣೆ, ಸಿಮೆಂಟು, ಬಿಸಿಲಿನ ವಾಸನೆ.

"ಮನೇನೇ ಹೊತ್ಕೊಂಡು ಬಂದ್ರಲ್ಲ," ಎಂದು ಅಮ್ಮ ಟ್ರೈಲರನ್ನು ಒಂದು ಸುತ್ತು ಹಾಕಿದಳು. ಹಿಂದೆ ಬಂದು ಒಂಟಿಕಣ್ಣಿನ ಮುಖ ನೋಡಿ ನಕ್ಕಳು. ನಗುತ್ತಲೇ ಎರಡೂ ಕೈ ಚಾಚಿ ಚಕ್ರವನ್ನು ಹಿಡಿದು ಒಮ್ಮೆ ಜಗ್ಗಿದಳು.

"ಎಲ್ಲರೂ ನೋಡಾಗಿದೆ ಕಣೇ," ಎಂದಳು ಅಜ್ಜಿ.

"ನೋಡಿರ್ತೀರಾ ಅಮ್ಮ. ನನ್ನ ಕೈಗೆ ಅಭ್ಯಾಸ. ಮೇಲೆ ಎತ್ತೋ ಪ್ರತಿಯೊಂದನ್ನೂ ಕೆಳಗಿನವನು ಜಗ್ಗಿ ನೋಡ್ತಾನೆ. ಬಿಗಿಯಾಗಿದೆಯಾ ಅಂತ ನಾನೂ ಕೇಳ್ತೀನಿ. ಅವನೂ ಮತ್ತೆ ಹೇಳ್ತಾನೆ. ದಿನಕ್ಕೆ ನೂರು ಸಲ."

"ಅವರಿಗೆ ಕೋಪ ಬರಲ್ವಾ?" ಎಂದು ಗುಂಡಿ ಕೇಳಿದಳು.

"ಕೋಪ ಯಾಕೆ? ಕೆಳಗೆ ನಿಂತಿರೋನು ಅವನೇ ಅಲ್ವಾ." ಅಮ್ಮ ಕಣ್ಣು ಕಿತ್ತುಹೋದ ಜಾಗವನ್ನು ಮುಟ್ಟಿದಳು. "ಇದಕ್ಕೇನಾಯ್ತು?"

ಅಜ್ಜಿ ಗಂಟಲು ಸರಿಮಾಡಿಕೊಂಡು ಮುಂದೆ ಬಂದಳು. "ಕೇಳು ಮತ್ತೆ. ಒಬ್ಬ ಲಾರಿಯವನು ಪಕ್ಕಕ್ಕೆ ಬಂದು…"

"ಅಜ್ಜಿ, ಒಂದ್ನಿಮಿಷ," ಎಂದಳು ಗುಂಡಿ. "ಅದು ಅಲ್ಲಿಂದ ಶುರುವಾಗಲ್ಲ."

ಅಜ್ಜಿ ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು. ಅಪ್ಪ ಜೀಪಿಗೆ ಒರಗಿ ನಿಂತರು. ನದಿಯ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು.

ಗುಂಡಿ ಅಮ್ಮನ ಒರಟು ಕೈಯನ್ನು ಹಿಡಿದುಕೊಂಡಳು.

"ಬೆಳಿಗ್ಗೆ ಅಪ್ಪ ನನ್ನ ಕೈಗೆ ಸ್ಪ್ಯಾನರ್ ಕೊಟ್ಟಿದ್ರು ಅಮ್ಮ," ಎಂದು ಶುರುಮಾಡಿದಳು.